ಬಸ್ ಪಾರ್ಸೆಲ್ಲಿನಲ್ಲಿ ಬಂದ ಔಷಧ

ಜೀವಕೋಶಗಳು ಒಂದಕ್ಕೊಂದು ಹೇಗೆ ಸಂದೇಶ ಕಳಿಸುತ್ತವೆ ಎಂಬ ಪಾಠವನ್ನು ನಾನು ಧಾರವಾಡದ ಒಂದು ಕಾಲೇಜಿನಲ್ಲಿ ವರ್ಷ ವರ್ಷವೂ ಮಾಡುತ್ತ ಬಂದಿದ್ದೇನೆ. ಹಲಗೆಯ ಮೇಲೆ ದೊಡ್ಡದೊಂದು ವೃತ್ತ, ಅದರೊಳಗೆ ಸಣ್ಣದೊಂದು ವೃತ್ತ, ಹೊರಗಿನಿಂದ ಒಳಕ್ಕೆ ಸಾಲು ಬಾಣಗಳು. ಬಿ.ಎಸ್ಸಿ. ಮಕ್ಕಳು ಬಾಣಗಳಿಗೆ ಬೇರೆ ಬೇರೆ ಬಣ್ಣದ ಪೆನ್ನು ಬಳಸುತ್ತಾರೆ. "ಮೇಡಮ್ರ, ಇದು ಪರೀಕ್ಷಾಕ್ಕ ಬರ್ತೈತೇನ್ರಿ?" ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳೇ ಕೇಳುತ್ತಾರೆ. ಬರುತ್ತದೆ ಎನ್ನುತ್ತೇನೆ. ಬರುವುದಿಲ್ಲ ಎಂದರೆ ಅಲ್ಲಿಗೇ ಪೆನ್ನು ಮುಚ್ಚಿಬಿಡುತ್ತಾರೆ.

ನನ್ನ ತಂಗಿಯ ಮನೆ ಹುಬ್ಬಳ್ಳಿಯಲ್ಲಿ, ಗೋಕುಲ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಓಣಿಯಲ್ಲಿ. ಅವಳ ಗಂಡನದು ಹಾರ್ನಿನ ಸಗಟು ವ್ಯಾಪಾರ. ಸೈಕಲ್ ಮೋಟರಿನಿಂದ ಹಿಡಿದು ಲಾರಿಯವರೆಗೆ ಯಾವ ಗಾಡಿಗೆ ಯಾವ ಹಾರ್ನ್ ಬೇಕಾದರೂ ಅವರ ಅಂಗಡಿಯಲ್ಲಿ ಸಿಗುತ್ತದೆ. ಇಡೀ ದಿನ ಅದರ ನಡುವೆಯೇ ಕುಳಿತಿರುವುದರಿಂದ ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಅವರಿಗೆ ಒಬ್ಬಳೇ ಮಗಳು. ಇನ್ನೂ ಮೂರು ತುಂಬಿರಲಿಲ್ಲ. ಒಂದು ಭಾನುವಾರ ಮಗಳಿಗೆ ಜಳಕ ಮಾಡಿಸುವಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾಗಿ ತಂಗಿಯ ಕೈಗೆ ಹತ್ತಿತು. ಅವಳು ಮಲಬದ್ಧತೆ ಎಂದಳು. ನಮ್ಮ ಅವ್ವ ದೃಷ್ಟಿ ಎಂದಳು. ಇಬ್ಬರ ಔಷಧವೂ ಆದ ಮೇಲೆ ಸ್ಕ್ಯಾನ್ ಮಾಡಿಸಿದರು.

ಯಕೃತ್ತಿನ ಕ್ಯಾನ್ಸರ್. ಹಿರಿಯರಿಗೆ ಬರುವ ಜಾತಿಯದಲ್ಲ, ಸಣ್ಣ ಮಕ್ಕಳಿಗೇ ಬರುವಂಥದ್ದು. ಮಗು ಹೊಟ್ಟೆಯಲ್ಲಿರುವಾಗ ಯಕೃತ್ತು ಬೆಳೆಯಲೆಂದು ಇರುವ ಕೋಶಗಳು, ಹುಟ್ಟಿದ ಮೇಲೂ ಬೆಳೆಯುವುದನ್ನು ನಿಲ್ಲಿಸದಿದ್ದರೆ ಆಗುವ ಗಡ್ಡೆ. ಮಕ್ಕಳ ಕ್ಯಾನ್ಸರ್ ನೋಡುವ ಡಾಕ್ಟರು ಇದನ್ನು ಹೇಳುತ್ತ, ನಾನು ಜೀವಶಾಸ್ತ್ರದವಳೆಂದು ಗೊತ್ತಾಗಿ, ಹೆಚ್ಚಿನ ಇಂಥ ಗಡ್ಡೆಗಳಲ್ಲಿ ಯಾವ ಸಂದೇಶದ ದಾರಿ ಕೆಟ್ಟಿರುತ್ತದೆ ಎಂದು ಅದರ ಹೆಸರನ್ನೂ ಹೇಳಿದರು. ನಾನು ಹಲಗೆಯ ಮೇಲೆ ಬಾಣ ಹಾಕಿ ತೋರಿಸುವ ಅದೇ ದಾರಿ. ಪರ ಊರಿನಲ್ಲಿ ಪರಿಚಯದವರು ಸಿಕ್ಕ ಹಾಗೆ ಒಂದು ಕ್ಷಣ ನನಗೆ ಖುಷಿಯಾಯಿತು. ಆ ಖುಷಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಔಷಧ ಮಾತ್ರ ಆ ಬಾಣದ ದಾರಿಯನ್ನು ತಡೆಯುವಂಥದ್ದಲ್ಲ, ಹಳೆಯದು. ನಾನು ಹುಟ್ಟುವ ಮೊದಲಿನಿಂದ ಇರುವಂಥದ್ದು. ಸಲಾಯಿನ್ ಜೊತೆ ರಕ್ತಕ್ಕೆ ಹೋಗಿ, ಬೇಗ ಬೇಗ ಬೆಳೆಯುವ ಕೋಶ ಯಾವುದೇ ಇರಲಿ ಹೊಡೆಯುತ್ತದೆ. ಕೂದಲು, ಬಾಯಿಯ ಒಳಚರ್ಮ, ರಕ್ತದ ಬಿಳಿ ಕಣ, ಎಲ್ಲದಕ್ಕೂ ಪೆಟ್ಟು ಬೀಳುತ್ತದೆ. ಗಡ್ಡೆ ಕುಗ್ಗಿದ ಮೇಲೆ ಆಪರೇಶನ್, ಮತ್ತೆ ಉಳಿದ ಔಷಧ. "ಕಿವೀಗೂ ಪೆಟ್ಟು ಬೀಳಬಹುದ್ರಿ. ತಡೀಲಿಕ್ಕೆ ಇನ್ನೊಂದು ಔಷಧ ಕೊಡ್ತೇವಿ, ಆದ್ರ ಪೂರಾ ತಡೀತದ ಅಂತ ಹೇಳಂಗಿಲ್ಲ" ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅವತ್ತು ಅದು ಯಾರ ತಲೆಗೂ ಹೋಗಲಿಲ್ಲ. ಮಗು ಉಳಿಯುತ್ತದೆಯೋ ಇಲ್ಲವೋ ಎಂಬ ಮಾತಿನ ಮುಂದೆ ಕಿವಿ ಯಾರಿಗೆ ಬೇಕಾಗಿತ್ತು?

ಮೊದಲನೆಯ ಸುತ್ತು ಮುಗಿಸಿ ಮನೆಗೆ ಕರೆತಂದರು. ಆಗ ಶುರುವಾಯಿತು ನಿಜವಾದ ಸಂಕಟ. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲವೆಂದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಬರದಿದ್ದವರನ್ನು ಮುಂದಿನ ಮದುವೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಆದ್ದರಿಂದ ಎಳನೀರು, ದ್ರಾಕ್ಷಿ, ಬಿಸ್ಕಿಟ್ ಪೊಟ್ಟಣ, ಕೆಮ್ಮು, ನೆಗಡಿ ಎಲ್ಲವನ್ನೂ ಹಿಡಿದುಕೊಂಡು ಮಂದಿ ಬರತೊಡಗಿದರು. ಯಕೃತ್ತು ಎಂದ ಕೂಡಲೇ ಅರ್ಧ ಜನಕ್ಕೆ ಕಾಮಾಲೆ ನೆನಪಾಗಿ, ಯಾವ ಊರಿನಲ್ಲಿ ಯಾವ ವಾರ ಎಲೆಯ ಔಷಧ ಕೊಡುತ್ತಾರೆ ಎಂದು ಹೇಳಿ ಹೋಗುತ್ತಿದ್ದರು. ಕ್ಯಾನ್ಸರ್ ಎಂಬ ಶಬ್ದವನ್ನು ಮಾತ್ರ ಒಬ್ಬರೂ ಬಾಯಿಂದ ತೆಗೆಯಲಿಲ್ಲ. "ಅದು" ಎನ್ನುತ್ತಿದ್ದರು. "ಅದು ಕಮ್ಮಿ ಆತೇನ?" ಎಂದು ಕೇಳುವಾಗ ಅಡಿಗೆ ಮನೆಯಲ್ಲಿ ಕೂತಿರುವ ಯಾರೋ ಬೀಗರನ್ನು ವಿಚಾರಿಸಿದಂತೆ ದನಿ ಇಳಿಸುತ್ತಿದ್ದರು.

ಬಾಗಿಲಲ್ಲಿ ನಿಂತು ಮಂದಿಯನ್ನು ತಡೆಯುವ ಕೆಲಸ ನನಗೆ ಬಂತು. ತಂಗಿಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ; ನನಗೆ ಅದು ಬಿಟ್ಟು ಬೇರೇನೂ ಬರುವುದಿಲ್ಲ ಎಂದು ಮನೆಯವರ ಅಭಿಪ್ರಾಯ. ಕಾಲೇಜು ಮುಗಿಸಿ ಬಸ್ಸು ಹತ್ತಿ, ರಾಯಾಪುರ ದಾಟುವುದರೊಳಗೆ ಒಂದು ನಿದ್ದೆ ತೆಗೆದು, ಸಂಜೆಗೆ ಆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಮೊದಲ ಜಗಳ ಎದುರು ಮನೆಯ ಕಾಕುವಿನ ಜೊತೆಯೇ ಆಯಿತು.

"ಬಾಗಲದಾಗ ನಿಂದರಿಸಿ ಮಾತಾಡಸ್ತೀಯಲ್ಲ ಯವ್ವಾ, ಒಳಗೇನ ಬಂಗಾರ ಐತೇನು?"

"ಕೂಸಿನ ರಕ್ತದಾಗ ಬಿಳಿ ಕಣ ಕಮ್ಮಿ ಅದಾವ್ರಿ ಕಾಕು. ಮಂದಿ ಉಸಿರು ತಾಕಿದ್ರ ಜ್ವರ ಬರ್ತಾವ."

"ನಮ್ಮ ಉಸಿರಿಗೇನ ಆಗೈತಿ? ನಾ ಜಳಕಾ ಮಾಡೇ ಬಂದೇನಿ."

ಕೊನೆಗೆ ನನ್ನ ಕೈಲಿರುವ ಒಂದೇ ಆಯುಧ ತೆಗೆದೆ. ಪಾಠ ಮಾಡತೊಡಗಿದೆ. ನನ್ನ ಪಾಠ ಕೇಳಿ ಎದ್ದು ಹೋಗದ ಮಂದಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೋಶವೆಂದರೇನು, ಹೊರಗಿನಿಂದ "ಬೆಳಿ" ಎಂಬ ಸಂದೇಶ ಬಂದರೆ ಒಳಗೆ ಒಂದು ಪ್ರೋಟೀನು ಅದನ್ನು ನಡುವಿನ ಕೋಣೆಗೆ ಹೇಗೆ ಒಯ್ಯುತ್ತದೆ, ಸಂದೇಶ ಇಲ್ಲದಾಗ ಆ ಪ್ರೋಟೀನನ್ನು ಕೋಶ ಹೇಗೆ ಹುಟ್ಟಿದ ಹುಟ್ಟಿದ ಹಾಗೇ ಒಡೆದು ಹಾಕುತ್ತದೆ, ಈ ಕಾಯಿಲೆಯಲ್ಲಿ ಆ ಪ್ರೋಟೀನೇ ಕೆಟ್ಟು ಒಡೆಯುವವರ ಕೈಗೆ ಸಿಗದೆ ಹೇಗೆ ತಪ್ಪಿಸಿಕೊಳ್ಳುತ್ತದೆ, ಹೊರಗೆ ಯಾರೂ "ಬೆಳಿ" ಎನ್ನದಿದ್ದರೂ ಕೋಶ ಹೇಗೆ ಬೆಳೆಯುತ್ತಲೇ ಹೋಗುತ್ತದೆ, ಎಲ್ಲವನ್ನೂ ಹೇಳಿದೆ. ಬೇಸತ್ತು ಹೋಗುತ್ತಾರೆ ಎಂದುಕೊಂಡಿದ್ದೆ. ಕಾಕು ಕಟ್ಟೆಯ ಮೇಲೆ ಕುಳಿತು, "ಮುಂದ?" ಎಂದರು. ಮರುದಿನ ತಮ್ಮ ನಾದಿನಿಯನ್ನೂ ಕರೆತಂದರು. "ನಿನ್ನೆ ಹೇಳಿದ್ದು ಇಕಿಗೂ ಒಮ್ಮೆ ಹೇಳವಾ." ಹೀಗೆ ನನ್ನ ಇಡೀ ನೌಕರಿಯಲ್ಲಿ ಪೂರ್ತಿ ಹಾಜರಿ ಇದ್ದ ತರಗತಿಯೆಂದರೆ ಆ ಕಟ್ಟೆಯದೊಂದೇ. ಒಳಗೆ ಮಾತ್ರ ಯಾರೂ ಹೋಗಲಿಲ್ಲ, ಅಷ್ಟರಮಟ್ಟಿಗೆ ಆಯುಧ ಫಲಿಸಿತು.

ಆದರೆ ಆ ತರಗತಿಯಲ್ಲಿ ನಾನು ಲೆಕ್ಕಕ್ಕೆ ಹಿಡಿಯದ ಒಬ್ಬ ವಿದ್ಯಾರ್ಥಿ ಇದ್ದರು. ತಂಗಿಯ ಗಂಡ. ಅಂಗಡಿ ಮುಚ್ಚಿ ಬಂದವರು ಸ್ಕೂಟರಿನಿಂದ ಇಳಿಯದೆ ಕೇಳುತ್ತಿದ್ದರು. ಒಂದು ಸಂಜೆ ಕಟ್ಟೆ ಖಾಲಿಯಾದ ಮೇಲೆ ಹತ್ತಿರ ಬಂದರು.

"ಅಂದ್ರ ಅಕ್ಕಾರ, ಗುಂಡಿ ಒತ್ತದಿದ್ರೂ ಹಾರ್ನ್ ಹೊಡಕೋತನ ಇದ್ದಂಗ."

"ಹೌದ್ರಿ, ಹಂಗ ಅನ್ರಿ."

"ಹಾರ್ನಿಗೆ ಹೋಗು ವೈರ್ ಒಂದ ಕತ್ತರಿಸಿದ್ರ ಮುಗೀತಲ್ರಿ. ಇಡೀ ಗಾಡಿಗೆ ಯಾಕ ಪೆಟ್ಟು ಹಾಕಬೇಕು?"

"ಅದ ವೈರ್ ಕತ್ತರಿಸೋ ಔಷಧ ಹುಡುಕಾಕತ್ತಾರ್ರಿ. ಬ್ಯಾರೆ ಬ್ಯಾರೆ ದೇಶದಾಗ."

ಹುಡುಕುತ್ತಿದ್ದಾರೆ ಎಂದೇ ನಾನು ಹೇಳಿದ್ದು. ಆದರೆ ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ, ಒಂದು ಸಾಮಾನನ್ನು ಯಾರೋ ಹುಡುಕುತ್ತಿದ್ದಾರೆ ಎಂದರೆ ಅದು ಎಲ್ಲೋ ಒಂದು ಗೋದಾಮಿನಲ್ಲಿ ಬಿದ್ದಿದೆ ಎಂದೇ ಅರ್ಥ. ಹುಡುಕುವವರಿಗೆ ಸರಿಯಾದ ಮನುಷ್ಯನ ಫೋನ್ ನಂಬರ್ ಗೊತ್ತಿಲ್ಲ, ಅಷ್ಟೇ. ಕಂಪನಿ ನಿಂತುಹೋದ ಗಾಡಿಯ ಬಿಡಿಭಾಗವನ್ನೂ ಹೀಗೆ ಫೋನಿನ ಮೇಲೆ ಫೋನು ಮಾಡಿ ತರಿಸಿ ಕೊಟ್ಟು ಹೆಸರು ಮಾಡಿದವರು ಅವರು. ಅವರು ಆ ಕ್ಷಣಕ್ಕೆ ಸುಮ್ಮನೆ ತಲೆಯಾಡಿಸಿ ಒಳಗೆ ಹೋದರು.

ಗಡ್ಡೆ ಕುಗ್ಗುತ್ತಿತ್ತು. ರಕ್ತದಲ್ಲಿ ಅದರ ಗುರುತಾಗಿ ಒಂದು ಅಂಕಿ ಇರುತ್ತದೆ, ಅದು ಇಳಿಯುತ್ತಿತ್ತು. ಮಕ್ಕಳ ಅಂಕ ಕಡಿಮೆಯಾದದ್ದಕ್ಕೆ ಸಿಹಿ ಹಂಚಿದ ಮನೆ ಈ ಅವಳಿ ಊರುಗಳಲ್ಲಿ ನಮ್ಮದೊಂದೇ ಇದ್ದೀತು. ಅಷ್ಟರಲ್ಲಿ ಕಿವಿಯ ಪರೀಕ್ಷೆ ಮಾಡಿದರು. ಮಗುವನ್ನು ಮಲಗಿಸಿ, ತಲೆಗೆ ವೈರು ಅಂಟಿಸಿ ಮಾಡುವ ಪರೀಕ್ಷೆ. ಸಣ್ಣ, ಕೀಚಲು ದನಿಗಳಿಗೆ ಕಿವಿ ಮೊದಲಿನಂತೆ ಸ್ಪಂದಿಸುತ್ತಿಲ್ಲ ಎಂದು ಬಂತು. ಔಷಧ ಮುಂದುವರಿದರೆ ಇನ್ನಷ್ಟು ಹೋಗಬಹುದು, ಹೋದದ್ದು ತಿರುಗಿ ಬರುವುದಿಲ್ಲ. ಮೊದಲ ದಿನ ಯಾರ ತಲೆಗೂ ಹೋಗದ ಮಾತು ಅವತ್ತು ಎಲ್ಲರ ಎದೆಗೆ ಹೋಯಿತು.

"ಈ ಸಲದ ಸಲಾಯಿನ್ ಬ್ಯಾಡ" ಎಂದರು ತಂಗಿಯ ಗಂಡ. "ಸ್ವಲ್ಪ ದಿವಸ ತಡೀರಿ. ನಂದು ಮಾಲು ಬರೂದೈತಿ."

ಯಾವ ಮಾಲು ಎಂದು ಕೇಳಿದರೆ ಹೇಳಲಿಲ್ಲ. ಮುಂದಿನ ಸುತ್ತಿಗೆ ಆಸ್ಪತ್ರೆಗೆ ಸೇರಿಸಬೇಕಾದ ಹಿಂದಿನ ದಿನ ಸಂಜೆ ಗೊತ್ತಾಯಿತು. ಹಾರ್ನಿನ ಪೆಟ್ಟಿಗೆಗಳ ಜೊತೆ ಬಸ್ ಪಾರ್ಸೆಲ್ಲಿನಲ್ಲಿ ಬಂದಿದ್ದ ಒಂದು ಥರ್ಮೋಕೋಲ್ ಡಬ್ಬಿಯನ್ನು ಅವರು ತಂದು ಚಾಪೆಯ ಮೇಲಿಟ್ಟರು. ಮದುಮಗಳ ಒಡವೆ ತೋರಿಸುವವರ ಹಾಗೆ ಮುಚ್ಚಳ ತೆಗೆದರು. ಒಳಗೆ ಕರಗಿ ನೀರಾದ ಐಸ್ ಚೀಲ, ಅದರ ನಡುವೆ ಕಿರುಬೆರಳಿಗಿಂತ ಚಿಕ್ಕ ಸೀಸೆ, ಸೀಸೆಯ ತಳದಲ್ಲಿ ಚಿಟಿಕೆ ಉಪ್ಪಿನಷ್ಟು ಬಿಳಿ ಪುಡಿ.

"ಮುಂಬೈದಾಗ ನಮ್ಮ ಹಾರ್ನಿನ ಮಂದೀನ ಹಿಡದು, ಅವರ ಅಳಿಯನ ದೋಸ್ತ ಒಬ್ಬ ಕೆಮಿಕಲ್ ವ್ಯಾಪಾರ ಮಾಡ್ತಾನ, ಅವನ ಕಡಿಂದ ತರಿಸೇನ್ರಿ. ನೀವು ಹೇಳಿದ ದಾರಿ ಹೆಸರು ಹೇಳೇನಿ, ಆ ದಾರೀನ ಬಂದ್ ಮಾಡೂದ ಕೊಟ್ಟಾನ. ಓದ್ರಿ ಅಕ್ಕಾರ, ಖರೇ ಹೌದಿಲ್ಲ ನೋಡ್ರಿ."

ಓದಿದೆ. ಖರೇ ಇತ್ತು. ಸಂಶೋಧಕರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ ನೋಡುವ ವಸ್ತು. ನಾನು ಪಾಠದಲ್ಲಿ ಹೆಸರು ಹೇಳಿದ್ದೇನೆಯೇ ಹೊರತು ಕಣ್ಣಾರೆ ಕಂಡದ್ದು ಅವತ್ತೇ. ಹಾರ್ನ್ ಮಾರುವವರು ಅದನ್ನು ತರಿಸಿಬಿಟ್ಟಿದ್ದರು. ಸೀಸೆಗೆ ಅಂಟಿಸಿದ್ದ ಚೀಟಿಯ ಕೆಳಗೆ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ: ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡತಕ್ಕದ್ದಲ್ಲ.

ಅವರು ನಕ್ಕರು. "ನಮ್ಮ ಲಾರಿ ಹಾರ್ನಿನ ಡಬ್ಬಿ ಮ್ಯಾಲೂ ಬರದಿರತೈತ್ರಿ ಅಕ್ಕಾರ, ಊರಾಗ ಬಾರಿಸಬಾರದು ಅಂತ. ಯಾರು ಕೇಳ್ತಾರ?"

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಆ ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ. ಹಾಲಿನಲ್ಲಿ ಕದಡಿ ಕೊಡಬೇಕೋ ಜೇನಿನಲ್ಲೋ ಎಂದು ಕೇಳುತ್ತಿದ್ದರು. ಅದೇ ಸಂದೇಶದ ದಾರಿಯ ಮೇಲೇ ಮಗುವಿನ ಕರುಳೂ ಮೂಳೆಯೂ ನಡೆಯುತ್ತವೆ, ಹಾರ್ನಿನ ವೈರು ಕತ್ತರಿಸಲು ಹೋದರೆ ಬ್ರೇಕಿನದೂ ಕತ್ತರಿಸೀತು, ಇನ್ನು ಆ ಹೋಲಿಕೆ ಬೇಡ ಎಂದು ಎಷ್ಟೋ ಹೇಳಿದೆ. ಅವರು ಕೇಳಲಿಲ್ಲ. ಜಗತ್ತಿನಲ್ಲಿ ಇರುವ ಸಾಮಾನು, ಕೈಗೆ ಸಿಕ್ಕ ಸಾಮಾನು, ಮಗಳಿಗೆ ಬೇಡ ಎನ್ನಲು ನಾನು ಯಾರು? ತಂಗಿ ಅಡಿಗೆ ಮನೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಡಾಕ್ಟರಿಗೆ ತೋರಿಸಿ ಕೊಡೂಣ್ರಿ" ಎಂದೆ. ಅದಕ್ಕೆ ಒಪ್ಪಿದರು. ಮಾಲು ಒಳ್ಳೆಯದೆಂದು ತಿಳಿದವರು ಹೇಳಲಿ ಎಂಬ ಆಸೆ ವ್ಯಾಪಾರಿಗೆ ಇದ್ದೇ ಇರುತ್ತದೆ.

ಮರುದಿನ ಮುಂಜಾನೆ ಎಲ್ಲರೂ ಹೋದೆವು. ಡಾಕ್ಟರು ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ ಬೈಯಲಿ ಎಂದೇ ಬಯಸಿದ್ದೆ. ಅವರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ರಿಸರ್ಚ್ ಪೇಪರಿನ್ಯಾಗ ಓದಿದ್ದೆ, ಕೈಯಾಗ ಹಿಡದಿದ್ದು ಇದ ಮೊದಲು" ಎಂದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ತಂಗಿಯ ಗಂಡನನ್ನು ನೋಡಿದರು.

"ಇದನ್ನ ಎಷ್ಟು ಕೊಡಬೇಕು ಅಂತ ಮಾಡೀರಿ?"

ಅವರು ಸೀಸೆಯ ಚೀಟಿಯನ್ನು ತಿರುಗಿಸಿ ನೋಡಿದರು.

"ನನಗೂ ಗೊತ್ತಿಲ್ರಿ. ಯಾರಿಗೂ ಗೊತ್ತಿಲ್ಲ. ಇಂಥವು ಕೂಸುಗಳಿಗೆ ಔಷಧ ಆಗಿ ಬರಲಿಕ್ಕೆ ಇನ್ನೂ ಬಾಳ ದಾರಿ ಅದ, ಬರ್ತಾವೋ ಇಲ್ಲೋ ಅದೂ ಗೊತ್ತಿಲ್ಲ. ಇದನ್ನ ಕೊಟ್ಟರ ಏನಾಗ್ತದ, ಗೊತ್ತಿಲ್ಲ. ನಮ್ಮ ಹಳೇದನ್ನ ಕೊಟ್ಟರ ಏನಾಗ್ತದ, ಅದು ಗೊತ್ತದ. ಕಿವಿ ಇನ್ನೊಂದಿಷ್ಟು ಹೋಗಬಹುದು. ಗಡ್ಡಿ ಮಾತು ಕೇಳಾಕತ್ತದ, ಕೂಸು ಉಳೀಬಹುದು."

"ಎರಡೂ ಉಳಸ್ರಿ ಸಾಹೇಬ್ರ" ಎಂದರು ಅವರು. "ಔಷಧ ಒಂದಿಷ್ಟು ಕಮ್ಮಿ ಹಾಕ್ರಿ, ಕಿವಿ ಒಂದಿಷ್ಟು ಉಳಸ್ರಿ. ನಡುವ ಎಲ್ಲ್ಯರ ಮುರಕೊಳ್ಳೂಣ್ರಿ."

ಆ ಕೋಣೆಯಲ್ಲಿ ಒಬ್ಬ ಅಪ್ಪ ಮಗಳ ಕಿವಿಗಾಗಿ ಚೌಕಾಶಿ ಮಾಡುತ್ತಿದ್ದ. ಜೀವನಪೂರ್ತಿ ಎಲ್ಲದಕ್ಕೂ ಒಂದು ನಡುವಿನ ದರ ಸಿಕ್ಕ ಮನುಷ್ಯನಿಗೆ ಇಲ್ಲಿ ನಡುವೆಂಬುದೇ ಇಲ್ಲ ಎಂದು ಡಾಕ್ಟರು ಹೇಳಬೇಕಾಗಿತ್ತು. ಅವರು ಬಾಯಿ ತೆರೆಯುವುದರೊಳಗೆ ತಂಗಿ ಮಾತಾಡಿದಳು.

"ಸಾಕು ಮಾಡ್ರಿ ಇನ್ನ" ಎಂದಳು ಗಂಡನಿಗೆ. "ಕರದ್ರ ಅಕಿಗೆ ಕೇಳಸಲಿಲ್ಲಂದ್ರ ನಾನ ಹತ್ತರ ಹೋಗಿ ಮುಟ್ಟಿ ಕರೀತೇನಿ. ಮುಟ್ಟಾಕ ಕೂಸು ಇರಬೇಕೋ ಬ್ಯಾಡೋ?"

ಅಷ್ಟು ದಿನ ನಾನು ಕಟ್ಟೆಯ ಮೇಲೆ ಮಾಡಿದ ಪಾಠವೆಲ್ಲ ಅವಳ ಕಿವಿಗೂ ಬಿದ್ದಿತ್ತು. ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ತಂಗಿಯ ಗಂಡ ಸೀಸೆಯನ್ನು ಮೇಜಿನಿಂದ ತೆಗೆದು ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಸ್ಕೂಟರಿನ ಹತ್ತಿರ ನಿಂತು ಅತ್ತರು. ಅವತ್ತೇ ಮಗುವನ್ನು ಸೇರಿಸಿ ಸಲಾಯಿನ್ ಹಚ್ಚಿದರು.

ಉಳಿದದ್ದು ಬೇಗ ಹೇಳುತ್ತೇನೆ, ಅನುಭವಿಸುವಾಗ ಅದು ಬೇಗ ಆಗಲಿಲ್ಲ. ಆಪರೇಶನ್ನಿಗೆ ಬೇರೆ ಊರಿಗೆ ಹೋಗಿ ಬಂದರು. ಮತ್ತೆ ಔಷಧ, ಮತ್ತೆ ವಾಂತಿ, ಮತ್ತೆ ಬಾಗಿಲಲ್ಲಿ ನನ್ನ ಕುರ್ಚಿ. ಕೂದಲು ಹೋಗಿ ಗುಂಗುರಾಗಿ ಹೊಸದು ಬಂತು. ರಕ್ತದ ಅಂಕಿ ಇಳಿದು ಎಲ್ಲರಿಗೂ ಇರುವಷ್ಟಕ್ಕೆ ಬಂದು ನಿಂತಿತು, ಇವತ್ತಿನವರೆಗೆ ಅಲ್ಲೇ ಇದೆ. ಪರೀಕ್ಷೆಗೆ ಹೋಗುವ ಪ್ರತಿ ಸಲವೂ ನಮ್ಮ ಜೀವ ಬಾಯಿಗೆ ಬರುತ್ತದೆ. ಮಗು ಉಳಿಯಿತು. ಕಿವಿ ಅರ್ಧ ಹೋಯಿತು, ಕೀಚಲು ದನಿ ಕೇಳುವ ಮೇಲಿನರ್ಧ. ಗಂಡಸರು ಮಾತಾಡಿದರೆ ಕೇಳುತ್ತದೆ, ತಾಯಿಯ ದನಿ ಮಸುಕು. ಕುಕ್ಕರಿನ ಸೀಟಿ ಕೇಳುವುದಿಲ್ಲ, ಗುಬ್ಬಿ ಕೇಳುವುದಿಲ್ಲ, ಬಾಗಿಲಿನ ಗಂಟೆ ಕೇಳುವುದಿಲ್ಲ. ಕಿವಿಗೆ ಗುಲಾಬಿ ಬಣ್ಣದ ಸಣ್ಣ ಯಂತ್ರ ಕೊಟ್ಟಿದ್ದಾರೆ, ಅದನ್ನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದು ಅವಳ ಆಟ.

ಆ ಸೀಸೆ ಈಗ ನಮ್ಮ ಕಾಲೇಜಿನ ಪ್ರಯೋಗಾಲಯದ ಫ್ರಿಜ್ಜಿನಲ್ಲಿದೆ. ಬಿಸಿಲಿನಲ್ಲಿ ಹಾರ್ನುಗಳ ಜೊತೆ ಅಷ್ಟು ದೂರ ಬಂದ ಮೇಲೆ ಅದರೊಳಗಿನದು ಯಾವ ಕೋಶವನ್ನೂ ಏನೂ ಮಾಡದು. ಆದರೂ ಪಾಠದ ದಿನ ಮಕ್ಕಳಿಗೆ ತೋರಿಸುತ್ತೇನೆ. ಹಲಗೆಯ ಮೇಲಿನ ಬಾಣ ಸೀಸೆಯಲ್ಲಿ ಕಂಡರೆ ಹಿಂದಿನ ಬೆಂಚಿನವರೂ ಕತ್ತು ಚಾಚುತ್ತಾರೆ. ಮೊನ್ನೆ ಒಬ್ಬ ಹುಡುಗಿ, "ಮೇಡಮ್ರ, ಇದು ಕೂಸುಗಳಿಗೆ ಯಾವಾಗ ಕೊಡ್ತಾರ್ರಿ?" ಎಂದು ಕೇಳಿದಳು. ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳದ ಮೊದಲ ಪ್ರಶ್ನೆ ಅದು. ಗೊತ್ತಿಲ್ಲ ಎಂದೆ. ಹಾಗೆನ್ನಲು ನನಗೆ ಇಷ್ಟು ವರ್ಷ ಬೇಕಾಯಿತು.

ತಂಗಿಯ ಗಂಡ ಒಂದು ದಿನ ಮಗಳನ್ನು ಅಂಗಡಿಗೆ ಕರೆದೊಯ್ದು ಗಲ್ಲಾಪೆಟ್ಟಿಗೆಯ ಪಕ್ಕ ಆಟಕ್ಕೆ ಕೂರಿಸಿದರಂತೆ. ಅವಳ ಬೆನ್ನ ಹಿಂದೆ ನಿಂತು, ಬ್ಯಾಟರಿಗೆ ವೈರು ಹಚ್ಚಿ, ಒಂದೊಂದೇ ಹಾರ್ನ್ ಬಾರಿಸಿದರಂತೆ. ಹೊಸ ಸ್ಕೂಟರಿನ ಸಣ್ಣ ದನಿಯ ಇಂಪಾದ ಹಾರ್ನು, ಅವಳು ತಿರುಗಲಿಲ್ಲ. ಕಾರಿನದು, ತಿರುಗಲಿಲ್ಲ. ಅತ್ಯಂತ ಒಳ್ಳೆಯ ಮಾಲೆಂದು ಅವರೇ ಹೊಗಳುವುದು, ಅದಕ್ಕೂ ತಿರುಗಲಿಲ್ಲ. ಕೊನೆಗೆ ಏಣಿ ಹಾಕಿ ಮೇಲಿನ ಹಲಗೆಯಿಂದ ಲಾರಿಯ ದಪ್ಪ ದನಿಯ ಹಾರ್ನ್ ಇಳಿಸಿ ಹಚ್ಚಿದಾಗ ಅವಳು ತಿರುಗಿ, ಅಪ್ಪನನ್ನು ನೋಡಿ ನಕ್ಕಳಂತೆ. ಊರಲ್ಲಿ ಬಾರಿಸಬಾರದು ಎಂದು ಡಬ್ಬಿಯ ಮೇಲೆ ಬರೆದಿರುವ ಅದೇ ಹಾರ್ನನ್ನು ಅವರು ತಮ್ಮ ಸ್ಕೂಟರಿಗೆ ಕಟ್ಟಿಸಿಕೊಂಡಿದ್ದಾರೆ.

ಮೊದಲ ವಾರ ಎದುರು ಮನೆಯ ಕಾಕು ಜಗಳಕ್ಕೇ ಬಂದರು. ಬಾಗಿಲಲ್ಲಿ ನಾನಿದ್ದೆ. ಈ ಸಲ ಕೋಶದಿಂದ ಶುರು ಮಾಡಲಿಲ್ಲ, ಹಾರ್ನ್ ಯಾಕೆಂದಷ್ಟೇ ಹೇಳಿದೆ. ಕಾಕು "ಇನ್ನೊಂದೀಟ ಜೋರಂದು ಸಿಗೂದಿಲ್ಲೇನ?" ಎಂದು ಕೇಳಿ ಹೋದರು.

ಈಗ ದಿನಾ ಸಂಜೆ ಓಣಿಯ ತಿರುವಿನಲ್ಲಿ ಲಾರಿಯೊಂದು ಮೈಮೇಲೆ ಬಂದಂತೆ ಆ ಹಾರ್ನ್ ಹೊಡೆಯುತ್ತದೆ. ನಾಯಿಗಳು ಬೊಗಳುತ್ತವೆ, ಕಟ್ಟೆಯ ಮೇಲಿನ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಾರೆ. ಒಳಗೆ ಆಡುತ್ತ ಕೂತಿದ್ದ ಮಗು ತಲೆ ಎತ್ತಿ, "ಅಪ್ಪಾ ಬಂದ" ಎಂದು ಬಾಗಿಲಿಗೆ ಓಡುತ್ತದೆ.